ಕೈ ಸಡಿಲ ಬಿಡಿ

ಸ್ವಾನ್ಸಿಯ ಆಸ್ಪತ್ರೆಯಲ್ಲಿ ನನ್ನ ಕೆಲಸ ರಕ್ತ ತೆಗೆಯುವುದು.
ದಿನಕ್ಕೆ ನಲವತ್ತು ತೋಳು.
ರಬ್ಬರ್ ಪಟ್ಟಿ ಬಿಗಿದು, ಮೊಣಕೈಯ ಗುಳಿ ತಡವಿ
ಎಲ್ಲರಿಗೂ ಅದೇ ಮಾತು:
"ಇರುವೆ ಕಚ್ಚಿದ ಹಾಗೆ, ಅಷ್ಟೆ. ಕೈ ಸಡಿಲ ಬಿಡಿ."
ಬಿಗಿಹಿಡಿದವರಿಗೇ ನೋವು ಜಾಸ್ತಿ,
ಹನ್ನೊಂದು ವರ್ಷದಿಂದ ನನಗಿದು ಗೊತ್ತು.

ಮಂಗಳವಾರ ಸಂಜೆ ಮಾತ್ರ
ತೋಳು ನನ್ನದು.

ಲೈಬ್ರರಿಯ ಮಹಡಿ. ಗೊರಗುಟ್ಟುವ ರೇಡಿಯೇಟರ್.
ಆರು ಕುರ್ಚಿ, ಮೊಟ್ಟೆ ಬೇಯಿಸುವಾಗ ಇಡುವ ಪುಟ್ಟ ಗಡಿಯಾರ.
ಕಟ್ಟಳೆ ಒಂದೇ:
ಓದಿದವರು ಮಾತಾಡುವ ಹತ್ತು ನಿಮಿಷ
ಬರೆದವರು ಬಾಯಿ ಬಿಡಕೂಡದು.

ಕನ್ನಡದಲ್ಲಿ ಬರೆದದ್ದನ್ನು ನಾನೇ ಇಂಗ್ಲಿಷಿಗೆ ಎಳೆದು ತಂದಿದ್ದೆ,
ಇಳಕಲ್ಲಿನ ಒಂದು ನೇಕಾರ ಓಣಿಯನ್ನು
ಮುನ್ನೂರ ಹನ್ನೆರಡು ಪುಟಗಳಲ್ಲಿ.
ನೀಲವ್ವನ ತಾಯಿ ತೀರಿಕೊಳ್ಳುವಲ್ಲಿ
ಒಂಬತ್ತು ಪುಟ ಅಳು. ಬರೆಯುವಾಗ ನಾನೂ ಅತ್ತಿದ್ದೆ.

ಎಮ್ರಿಸ್, ಮೂವತ್ತು ವರ್ಷ ರೈಲು ಸಿಗ್ನಲ್ ಎಳೆದವನು:
"ನಲವತ್ತೊಂದನೇ ಪುಟದಲ್ಲಿ ಇಳಿದುಬಿಟ್ಟೆ.
ಐವತ್ತೆಂಟರಲ್ಲಿ ಮತ್ತೆ ಹತ್ತಿದೆ.
ನಡುವೆ ಯಾವ ಸ್ಟೇಷನ್ನೂ ತಪ್ಪಿದ ಹಾಗಿಲ್ಲ."

ಹೊದಾನ್, ಶಾಲು ಸರಿಪಡಿಸಿಕೊಳ್ಳುತ್ತ, ಮೆಲ್ಲಗೆ:
"ನಿಮ್ಮ ನೀಲವ್ವ ಒಮ್ಮೆಯೂ ತಪ್ಪು ಮಾಡುವುದಿಲ್ಲ.
ಅಂಥವಳ ಜೊತೆ ಕೂತು ನಾನು ಚಹಾ ಕುಡಿಯಲಾರೆ."
(ನೀಲವ್ವ ಅಂದರೆ ಮುಕ್ಕಾಲು ಪಾಲು ನಾನೇ.)

ಗ್ಲೆನಿಸ್, ಶಾಲೆಯ ಅಡುಗೆಮನೆಯಿಂದ ನಿವೃತ್ತಳು,
ಪುಟ ತಿರುವಿ, ಹಿಂದೆ ತಿರುವಿ, ಕನ್ನಡಕ ತೆಗೆದು:
"ಈ ಮನೆಯಲ್ಲಿ ಎಲ್ಲರೂ ಅಳುತ್ತಾರೆ.
ಒಲೆ ಯಾರು ಹಚ್ಚುತ್ತಾರೆ?"

ನಾನು ಬಾಯಿ ಬಿಡಲಿಲ್ಲ. ಕಿವಿ ಕೆಂಡ.
ಮನೆಗೆ ಹೋಗುವ ಬಸ್ಸಿನಲ್ಲಿ ಗಾಜಿಗೆ ಹಣೆಯೊತ್ತಿ
ಮೂವರಿಗೂ ಉತ್ತರ ಕೊಟ್ಟೆ, ಅಚ್ಚ ಕನ್ನಡದಲ್ಲಿ, ಬೈಗುಳ ಸಮೇತ.
ಗ್ಲೆನಿಸ್‌ಗೆ ಎಲ್ಲರಿಗಿಂತ ಹೆಚ್ಚು:
ಸಾವಿನ ಮನೆಯಲ್ಲಿ ಒಲೆ ಹಚ್ಚೋದಿಲ್ಲ ಕಣವ್ವ,
ನಿನಗೇನು ಗೊತ್ತು ನಮ್ಮ ಕಡೆಯ ರೀತಿ,
ಓಣಿಯವರು ಮಾಡಿ ತಂದು ಕೊಡುತ್ತಾರೆ!
ಡ್ರೈವರ್ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದ.

ಮೂರು ಮಂಗಳವಾರ ನೆಗಡಿ ಎಂದು ಹೇಳಿಸಿದೆ.

ನಾಲ್ಕನೇ ವಾರ ಪ್ರೊಬರ್ಟ್ ಎಂಬ ಮುದುಕ, ಒಣ ಬಳ್ಳಿಯಂಥ ತೋಳು.
ಒಮ್ಮೆ ಚುಚ್ಚಿದೆ. ನರ ಜಾರಿತು. ಇನ್ನೊಮ್ಮೆ.
"ಅಲ್ಲಿ ಸಿಗೋದಿಲ್ಲ ಮಗಳೇ,
ಎಂಬತ್ತನಾಲ್ಕು ವರ್ಷದಿಂದ ಈ ಕೈ ನನ್ನ ಹತ್ತಿರವೇ ಇದೆ.
ಕೆಳಗೆ ನೋಡು, ಮಣಿಕಟ್ಟಿನ ಮೇಲೆ."
ಅವನು ತೋರಿಸಿದಲ್ಲಿ ಸಿಗಲಿಲ್ಲ.
ಅರ್ಧ ಇಂಚು ಪಕ್ಕದಲ್ಲಿ
ಬೆರಳ ಕೆಳಗೆ ಮಿಡಿಯಿತು.

ರಾತ್ರಿ ಹಸ್ತಪ್ರತಿ ತೆಗೆದೆ.
ಓಣಿಯವರು ತಂದು ಕೊಡುತ್ತಾರೆ. ಸರಿ. ಯಾರು?
ಮುನ್ನೂರ ಹನ್ನೆರಡು ಪುಟದ ಓಣಿಯಲ್ಲಿ
ಬಾಗಿಲು ತೆರೆದು ಹೊರಬಂದವರು
ಒಬ್ಬರೂ ಇರಲಿಲ್ಲ.

ಬೆಳಗಿನ ಜಾವ ಎರಡಕ್ಕೆ ಎದುರುಮನೆಯ ಹುಸೇನಬಿ ಬಂದಳು,
ಸೆರಗಿನಡಿ ರೊಟ್ಟಿ ಬುಟ್ಟಿ, ಇನ್ನೊಂದು ಕೈಯಲ್ಲಿ ಪುಂಡಿಪಲ್ಲೆಯ ಡಬರಿ.
ನೀಲವ್ವ ಅವಳಿಗೆ ಏನೋ ಒಂದು ಕೆಟ್ಟ ಮಾತಾಡಿಬಿಟ್ಟಳು.
ನಾನು ತಡೆಯಲಿಲ್ಲ.
ಒಂಬತ್ತು ಪುಟದ ಅಳು
ಒಂದೂವರೆ ಪುಟಕ್ಕೆ ಇಳಿಯಿತು.
ಎಮ್ರಿಸ್ ತೆಗೆ ಎಂದಿದ್ದ ಪುಟಗಳಲ್ಲಿ
ಮಗ್ಗದ ಗುಂಡಿಯದು ಮಾತ್ರ ಹಾಗೇ ಉಳಿಸಿದೆ.
ಅವನು ಸಿಗ್ನಲ್ಲು ಬಲ್ಲ.
ಆ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತವಳು ನಾನು.

ಮತ್ತೆ ಮಂಗಳವಾರ. ಓದಿ ಮುಗಿಸಿದೆ.
ಎಮ್ರಿಸ್ ಗಡಿಯಾರ ತಿರುಗಿಸಿಟ್ಟ.
ಹೊದಾನ್ ಏನನ್ನೋ ಗೀಚುತ್ತಿದ್ದಳು, ತಲೆ ಎತ್ತಲಿಲ್ಲ.
ಗ್ಲೆನಿಸ್ ಆ ಪುಟದ ಮೇಲೆ ಅಂಗೈಯಿಟ್ಟು ಬಹಳ ಹೊತ್ತು ಕೂತಳು.
ಆಮೇಲೆ, ಯಾರನ್ನೂ ನೋಡದೆ:
"ಈ ಸೊಪ್ಪು... ಹುಳಿಯೇ?"

ಮೇಜಿನ ಕೆಳಗೆ ನನ್ನ ಮುಷ್ಟಿ ಬಿಚ್ಚಿತ್ತು.
ಬಾಯಲ್ಲಿ ನೀರು.
ಇನ್ನೂ ಆರು ನಿಮಿಷ
ಮಾತಾಡುವಂತಿಲ್ಲ.